ಐದು ಚೀಟಿ, ಆರು ಗುಂಪು

ಕುಮಟಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿಯ ಬೆಂಚುಗಳನ್ನು ನೋಡಿದರೆ ಸಾಕು, ಯಾವ ಮಗು ಯಾವ ಕೇರಿಯದು ಎಂದು ತಿಳಿಯುತ್ತಿತ್ತು. ಕಡಲ ದಂಡೆಯವರು ಕಿಟಕಿಯ ಬದಿಗೆ, ಗಜನಿ ಗದ್ದೆಗಳ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ಕಡೆಯಿಂದ ಬರುವವರು ಹಿಂದೆ, ಪೇಟೆಯವರು ಮುಂದೆ. ಗುಂಪು ಮಾಡಿಕೊಳ್ಳಿ ಎಂದರೆ ಅದೇ ಬೆಂಚುಗಳೇ ಗುಂಪುಗಳಾಗುತ್ತಿದ್ದವು.

ರೂಪಣಾತ್ಮಕ ಮೌಲ್ಯಮಾಪನಕ್ಕೆಂದು ಗುಂಪು ಚಟುವಟಿಕೆ ಕೊಡುವುದು ನನಗೆ ಹೊಸದಲ್ಲ. ಚಾರ್ಟಿನ ಕೆಳಗೆ ಐದು ಹೆಸರು, ಮೇಲೆಲ್ಲ ಒಬ್ಬಳದೇ ಅಕ್ಷರ. ಒಮ್ಮೆ ಒಬ್ಬ ತಾಯಿ ಶಾಲೆಗೇ ಬಂದು, “ರಾತ್ರಿ ಹನ್ನೆರಡರವರೆಗೆ ಕೂತು ಬರೆದಿದ್ದಾಳೆ ಟೀಚರ್, ಉಳಿದ ಮಕ್ಕಳು ಏನು ಮಾಡಿದರು?” ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಮಕ್ಕಳನ್ನು ಬೈದು ಪ್ರಯೋಜನವೂ ಇರಲಿಲ್ಲ. ಒಬ್ಬರೇ ಮುಗಿಸಬಹುದಾದ ಕೆಲಸವನ್ನು ಐವರಿಗೆ ಕೊಟ್ಟವಳು ನಾನು.

ನನ್ನ ಅಜ್ಜ ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆದವರು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದರೆ, ಎರಡೂ ತುದಿಗಳನ್ನು ಹತ್ತಾರು ಜನ ದಂಡೆಯ ಮೇಲೆ ನಿಂತು ಎಳೆಯಬೇಕಿತ್ತು. ಒಂದು ತುದಿ ಮುಂದಾಗಿ ಇನ್ನೊಂದು ಹಿಂದುಳಿದರೆ ಬಂಗಡೆಯ ಹಿಂಡು ತಪ್ಪಿಸಿಕೊಳ್ಳುತ್ತಿತ್ತು. ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಕಂಡಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಹಗ್ಗ ಎಳೆಯುವವರ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಓದಿದಾಗ ನನಗೆ ಅಜ್ಜನೇ ನೆನಪಾದರು. ಎಂಟು ಜನ ಸೇರಿ ಎಳೆದಾಗ ತಲಾ ಬಲ, ಒಬ್ಬನೇ ಎಳೆದಾಗಿನ ಅರ್ಧಕ್ಕೆ ಇಳಿದಿತ್ತು. ಎಳೆತದ ಹೊತ್ತು ಹೊಂದದಿರುವುದು ಒಂದು ಕಾರಣ, ಉಳಿದವರು ಎಳೆಯುತ್ತಾರಲ್ಲ ಎಂಬ ಸಡಿಲು ಇನ್ನೊಂದು. ನನ್ನ ಚಾರ್ಟಿನ ಗುಂಪುಗಳಲ್ಲಿ ಎರಡೂ ಇದ್ದವು.

ಹೀಗಿರುವಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಅವರ ಜಿಗ್ಸಾ ವಿಧಾನ ತಿಳಿಯಿತು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದು, ಅಲ್ಲಿ ಜಗಳ ತುಂಬಿದ್ದಾಗ ಅವರು ರೂಪಿಸಿದ ವಿಧಾನ ಅದು. ಪಾಠವನ್ನು ತುಂಡು ಮಾಡಿ, ಪ್ರತಿಯೊಬ್ಬರ ಕೈಯಲ್ಲಿ ಒಂದೊಂದನ್ನೇ ಇಡುವುದು. ನನ್ನ ಬೆಂಚುಗಳಿಗೆ ಇದೇ ಬೇಕಿತ್ತು.

ನನ್ನ ತರಗತಿಯಲ್ಲಿ ಮೂವತ್ತು ಮಕ್ಕಳು. ಕೇರಿಗಳನ್ನು ಬೆರೆಸಿ ಐವರಂತೆ ಆರು ಗುಂಪು ಮಾಡಿದೆ. ವಿಷಯ ನಮ್ಮದೇ ಅಘನಾಶಿನಿ ಅಳಿವೆ, 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಣೆಯಾದದ್ದು. ಪ್ರತಿ ಗುಂಪಿಗೂ ಐದು ಚೀಟಿ: ಭರತಿ ಮತ್ತು ಇಳಿತ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಬಳಚು ಎಂಬ ಚಿಪ್ಪುಜೀವಿ, ಗಜನಿಯ ಕಗ್ಗ ಭತ್ತ, ಸಾಣಿಕಟ್ಟಾ ಊರಿನ ಉಪ್ಪು. ಒಂದೇ ಚೀಟಿ ಸಿಕ್ಕಿದ ಆರು ಜನ ಮೊದಲು ಒಟ್ಟಿಗೆ ಕೂತು ಅದನ್ನು ಅರೆದು ಕುಡಿಯಬೇಕು, ಬಳಿಕ ತಮ್ಮ ಗುಂಪಿಗೆ ಮರಳಿ ಕಲಿಸಬೇಕು.

ಮೊದಲ ದಿನವೇ ಕೆಟ್ಟಿತು. ಭರತಿಯ ಚೀಟಿ ಹಿಡಿದ ಹುಡುಗ ತಡವರಿಸಿದ. ಪಕ್ಕದವಳು ಅವನ ಕೈಯಿಂದ ಚೀಟಿ ಕಿತ್ತುಕೊಂಡು ತಾನೇ ಗಟ್ಟಿಯಾಗಿ ಓದಿದಳು. ಪಾಠ ಮುಗಿಯಿತು, ಹುಡುಗ ತಲೆ ತಗ್ಗಿಸಿ ಕೂತ. ಆ ದೃಶ್ಯ ಬಹಳ ದಿನ ನನ್ನನ್ನು ಕಾಡಿತು.

ಮುಂದಿನ ಸಲ ಮೂರು ಬದಲಾವಣೆ ಮಾಡಿದೆ. ಒಟ್ಟಿಗೆ ಕೂತು ಕಲಿತಾದ ಮೇಲೆ ಚೀಟಿಗಳನ್ನೆಲ್ಲ ನಾನೇ ವಾಪಸು ಪಡೆದೆ. ಕಿತ್ತುಕೊಳ್ಳಲು ಏನೂ ಉಳಿಯಲಿಲ್ಲ. ಪರೀಕ್ಷೆ ಪ್ರತಿಯೊಬ್ಬರಿಗೂ ಬೇರೆ, ಅದರಲ್ಲಿ ಐದೂ ಭಾಗಗಳ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯದು: ಕೇಳುವುದನ್ನು ಕಲಿಸಿದೆ. “ನಿನಗೆ ಗೊತ್ತಿಲ್ಲ ಬಿಡು” ಎನ್ನುವ ಬದಲು “ನಿನ್ನೆಗಿಂತ ಇವತ್ತು ಭರತಿ ಯಾಕೆ ತಡ?” ಎಂದು ಕೇಳಿ ಎಂದೆ. ಅದೇ ಹುಡುಗನಿಗೆ ಈ ಪ್ರಶ್ನೆ ಬಂದಾಗ ಅವನು ಚೀಟಿಯನ್ನು ನೆನಪಿಸಿಕೊಳ್ಳಲೇ ಇಲ್ಲ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎಂದ. ಅಪ್ಪನ ಜೊತೆ ದೋಣಿಗೆ ಹೋಗುವವನಿಗೆ ಅದು ಬಾಯಿಪಾಠ ಮಾಡಬೇಕಾದ ವಿಷಯವಲ್ಲ.

ಕೊನೆಗೆ ಇಡೀ ಗುಂಪಿಗೆ ಒಂದು ಪ್ರಶ್ನೆ ಇಡುತ್ತೇನೆ. ಅದನ್ನು ಹೊಂದಿಸಲು ನಾನು ಪಟ್ಟಷ್ಟು ಕಷ್ಟ ಬೇರೆ ಯಾವುದಕ್ಕೂ ಪಟ್ಟಿಲ್ಲ, ಏಕೆಂದರೆ ಯಾವ ಒಂದು ಚೀಟಿಯಲ್ಲೂ ಅದಕ್ಕೆ ಉತ್ತರ ಇರಬಾರದು. ‘ಉಪ್ಪು ತೆಗೆಯದ ಮಳೆಗಾಲದಲ್ಲೇ ಗಜನಿಯಲ್ಲಿ ಕಗ್ಗ ಬೆಳೆಯುವುದೇಕೆ?’ ಉಪ್ಪಿನವಳು ಬಿಸಿಲು ಬೇಕೆಂದಳು. ಭರತಿಯವನು ಸಮುದ್ರದ ನೀರು ಆಗಲೂ ಒಳಗೆ ಬರುತ್ತದೆ ಎಂದ. ಹಾಗಾದರೆ ಭತ್ತ ಸಾಯಬೇಕಲ್ಲ ಎಂದು ಪೇಟೆಯ ಹುಡುಗ ಹಟ ಹಿಡಿದ. ಮಳೆಯ ಸಿಹಿನೀರು ಉಪ್ಪನ್ನು ತೆಳುವಾಗಿಸುತ್ತದೆ, ಉಳಿದ ಉಪ್ಪನ್ನು ಕಗ್ಗ ತಡೆದುಕೊಳ್ಳುತ್ತದೆ ಎಂಬಲ್ಲಿಗೆ ಅವರು ಬಂದು ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ನಾನು ಬಾಯಿ ಬಿಡಲಿಲ್ಲ. ಶಿಕ್ಷಕರಿಗೆ ಇದು ಬಹಳ ಕಷ್ಟದ ಕೆಲಸ, ಆದರೆ ಇದನ್ನು ಮಾಡಲೇಬೇಕು.

ಎಲ್ಲರಿಗೂ ಇದು ಒಗ್ಗಿದೆ ಎನ್ನಲಾರೆ. ಒಬ್ಬ ಹುಡುಗ ಇಂದಿಗೂ ಒಂಟಿಯಾಗಿ ಓದುವುದನ್ನೇ ಇಷ್ಟಪಡುತ್ತಾನೆ. ಅವನಿಗೆ ಆ ಹೊತ್ತನ್ನೂ ಕೊಡುತ್ತೇನೆ. ಗುಂಪುಗಳನ್ನು ಆರು ವಾರಕ್ಕೊಮ್ಮೆ ಬದಲಿಸುತ್ತೇನೆ, ಅದಕ್ಕಿಂತ ಬೇಗ ಬದಲಿಸಿದರೆ ಸಲುಗೆ ಬೆಳೆಯುವುದಿಲ್ಲ.

ಮಳೆಗಾಲದಲ್ಲಿ ಗೈರುಹಾಜರಿಯೇ ದೊಡ್ಡ ತೊಡಕು. ಕಳೆದ ಜುಲೈನಲ್ಲಿ ಹಳ್ಳ ಉಕ್ಕಿ ಒಬ್ಬ ಹುಡುಗಿ ಬರಲಾಗಲಿಲ್ಲ, ಪರೀಕ್ಷೆ ಮರುದಿನ ಇತ್ತು. ಅವಳ ಭಾಗವನ್ನು ಬೇರೊಬ್ಬರಿಗೆ ಕೊಡಲು ಹೋದೆ. “ಬೇಡ ಟೀಚರ್, ಅದನ್ನು ಅವಳೇ ಹೇಳಬೇಕು, ನಾವು ಕಾಯುತ್ತೇವೆ” ಎಂದರು ಅವಳ ಗುಂಪಿನವರು. ಪರೀಕ್ಷೆಯನ್ನು ಶುಕ್ರವಾರಕ್ಕೆ ಮುಂದೂಡಿದೆ.