ಮೂರು ಸಲ ಮೆನಿಂಜೈಟಿಸ್, ಮೂಗಿನೊಳಗೆ ಎರಡು ತೂತು

ಹುಡುಗನಿಗೆ ಆಗ 7 ವರ್ಷ, ಹಾವೇರಿ ಕಡೆಯವನು. ಟ್ರ್ಯಾಕ್ಟರಿನಿಂದ ಬಿದ್ದು ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಮೂರು ಸಲ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು), ಎರಡು ಸಲ ಕಲ್ಚರ್‌ನಲ್ಲಿ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು. ಪ್ರತಿ ಸಲವೂ ಎರಡು ವಾರ ಸೆಫ್ಟ್ರಿಯಾಕ್ಸೋನ್, ವ್ಯಾಂಕೊಮೈಸಿನ್ ಆ್ಯಂಟಿಬಯೋಟಿಕ್‌ಗಳು, ಸುಮಾರು 60–70 ಸಾವಿರ ಖರ್ಚು. ಮೂರನೇ ಸಲಕ್ಕೆ ಅಪ್ಪ ಎಮ್ಮೆ ಮಾರಿದ್ದರು.

ತಾಯಿಯನ್ನು ಕೂರಿಸಿ ಕೇಳಿದೆ. “ಬಗ್ಗಿದ್ರ ಎಡಮೂಗಿನಾಗ ನೀರು ಇಳಿತಾವ್ರಿ ಸರ, ಥಂಡಿ ಅಂತ ಬಿಟ್ಟೇವಿ” ಅಂದರು. ಇದು ಥಂಡಿಯಲ್ಲ, ಮಿದುಳಿನ ಸುತ್ತ ಇರುವ ನೀರು (ಸಿಎಸ್ಎಫ್) ಸೋರುತ್ತಿರಬೇಕು ಅನ್ನಿಸಿತು; ಅದು ಸೋರುವ ತೂತಿನಿಂದಲೇ ಸೋಂಕು ಒಳಗೆ ಹೋಗುತ್ತದೆ. ಹಳೆಯ ಕೇಸ್ ಶೀಟುಗಳಲ್ಲಿ ಈ ಮಾತೇ ಇಲ್ಲ. ಹಳೆಯ ಸಿಟಿ ಸ್ಕ್ಯಾನ್ ನಾರ್ಮಲ್ ಅಂತಿತ್ತು. 5 ಮಿ.ಮೀ. ಕಟ್‌ನಲ್ಲಿ ಏನು ಕಾಣುತ್ತೆ? 1 ಮಿ.ಮೀ.ಗಿಂತ ತೆಳು ಕಟ್, ಕರೋನಲ್ (ಮುಖಕ್ಕೆ ಎದುರಾದ ನೋಟ) ತೆಗೆಸಿದೆ. ಮೂಗಿನ ಮೇಲ್ಛಾವಣಿಯ ತೆಳು ಮೂಳೆ, ಕ್ರಿಬ್ರಿಫಾರ್ಮ್ ಪ್ಲೇಟ್‌ನಲ್ಲಿ ಸಾಸಿವೆಯಷ್ಟು ಬಿರುಕು!

ಸಿಎಸ್ಎಫ್‌ನಲ್ಲಿ ಸಕ್ಕರೆ ಇರುತ್ತದೆ ಅಂತ ಮೂಗಿನ ನೀರಿಗೆ ಹಿಡಿಯುವ ಗ್ಲೂಕೋಸ್ ಪಟ್ಟಿಯನ್ನು ನಾನು ನಂಬುವುದಿಲ್ಲ. ಒಮ್ಮೆ ನೆಗಡಿಯಾಗಿದ್ದ ಐವರು ಪಿಜಿ ವಿದ್ಯಾರ್ಥಿ ವೈದ್ಯರ ಮೂಗಿಗೆ ಸುಮ್ನೆ ಹಿಡಿದು ನೋಡಿದ್ದೆ, ಐದರಲ್ಲಿ ಮೂರು ಪಟ್ಟಿಗಳ ಬಣ್ಣ ತಿರುಗಿತು. ಕರವಸ್ತ್ರವೇ ವಾಸಿ. ಸಿಂಬಳ ಒಣಗಿದರೆ ಗರಿಗರಿ, ಸಿಎಸ್ಎಫ್ ಒಣಗಿದರೆ ಬಟ್ಟೆ ಮೆತ್ತಗೇ ಇರುತ್ತದೆ. ಆದರೂ ಸಿಂಬಳದಲ್ಲಿ ಇರದ, ಸಿಎಸ್ಎಫ್‌ನಲ್ಲಿ ಇರುವ ಪ್ರೋಟೀನಾದ ಬೀಟಾ-2 ಟ್ರಾನ್ಸ್‌ಫೆರಿನ್‌ಗೆ ಕಳಿಸಿದೆ, ಪಾಸಿಟಿವ್ ಬಂತು.

ತಲೆಬುರುಡೆ ತೆರೆಯದೆ ಮೂಗಿನಿಂದಲೇ ಮುಚ್ಚುತ್ತೇನೆ ಅಂದಾಗ ಗೆಳೆಯರು ಒಪ್ಪಲಿಲ್ಲ. ಮಗುವಿನ ಮೂಗಲ್ಲಿ ಜಾಗವೆಲ್ಲಿ ಅಂದರು. 2.7 ಮಿ.ಮೀ. ಎಂಡೋಸ್ಕೋಪ್ ಆರಾಮಾಗಿ ಹೋಯಿತು. ಕಂಡ ತೂತಿಗೆ ಕೊಬ್ಬು ತುರುಕಿ ಮುಗಿಸಿದೆ. ಹನ್ನೆರಡನೇ ದಿನ ಮತ್ತೆ ನೀರು. ತಪ್ಪು ನನ್ನದೇ. ಆ ವಾರ ನಿದ್ದೆ ಬರಲಿಲ್ಲ. ಎರಡನೇ ಆಪರೇಷನ್‌ಗೆ ನಾನು ಫೀಸು ತಗೊಳ್ಳಲಿಲ್ಲ, ಆದರೂ ಅವರಿಗೆ 20 ಸಾವಿರದಷ್ಟು ಬಿತ್ತು.

ಈ ಸಲ ಎಲ್‌ಪಿ ಮಾಡಿ, ಅಂದರೆ ಬೆನ್ನಿನ ಕೆಳಭಾಗಕ್ಕೆ ಸೂಜಿ ಹಾಕಿ, ಸಿಎಸ್ಎಫ್‌ಗೆ ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣ ಬಿಟ್ಟೆವು. ತೀರಾ ಕಡಿಮೆ, ತೀರಾ ನಿಧಾನ, ಜಾಸ್ತಿಯಾದರೆ ಫಿಟ್ಸ್. ನೀಲಿ ಬೆಳಕಿನಲ್ಲಿ ಹಸಿರು ಎಳೆ ಕಂಡಿತು. ಮೊದಲ ತೂತಿನ ಹಿಂದೆ, ನಾಲ್ಕೈದು ಮಿ.ಮೀ. ದೂರದಲ್ಲಿ ಇನ್ನೊಂದು! ಸುತ್ತ ಮ್ಯೂಕೋಸಾ (ಮೂಗಿನ ಒಳಪೊರೆ) ಧಾರಾಳವಾಗಿ ಕೆರೆದು, ಎರಡಕ್ಕೂ ಸೇರಿಸಿ ತೊಡೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಫೇಶಿಯಾ ಲಾಟಾ, ಎರಡು ಪದರ ಹಾಕಿದೆ. ಒಳಪದರ ಜಾರದಂತೆ ಕೂರಿಸುವ ಒಂದು ಮಡಿಕೆ ಇದೆ. ಅದನ್ನು ಬರೆದು ತಿಳಿಸಲಾಗದು, ಥಿಯೇಟರಿಗೆ ಬಂದರೆ ತೋರಿಸುತ್ತೇನೆ. ಆಮೇಲೆ ಇದೇ ರೀತಿ ಒಂಬತ್ತೋ ಹತ್ತೋ ಮಕ್ಕಳಿಗೆ ಮಾಡಿದ್ದೇನೆ. ಒಂದೂ ಸೋರಿಲ್ಲ.

ವ್ಯಾಕ್ಸಿನ್ ಮರೆಯಬೇಡಿ. ಆಗ ಕೊಟ್ಟಿದ್ದು ನ್ಯೂಮೋಕಾಕಸ್ ತಡೆಯುವ ಎರಡು: ಮೊದಲು ಪಿಸಿವಿ 13, ಎಂಟು ವಾರ ಬಿಟ್ಟು 23 ತಳಿಗಳದ್ದು. ಎರಡೂ ಸೇರಿ ಆಗ 6 ಸಾವಿರದ ಹತ್ತಿರ. ಮೂರು ಸಲ ಅಡ್ಮಿಟ್ ಆದರೂ ಅವರಿಗೆ ಯಾರೂ ಇದನ್ನು ಹೇಳಿರಲಿಲ್ಲ.

ಈಗ ನಾಲ್ಕು ವರ್ಷವಾಯಿತು. ಹುಡುಗನಿಗೆ ಮೈ ಬಿಸಿಯಾದರೆ ತಾಯಿ ಮೊದಲು ಬಗ್ಗಿಸಿ ಮೂಗು ನೋಡಿ, ಆಮೇಲೆ ಫೋನ್ ಮಾಡುತ್ತಾರೆ. ಎರಡು ಸಲ ಮಾಡಿದ್ದರು. ಎರಡೂ ಬರೀ ವೈರಲ್ ಜ್ವರ.