ಕಾರಿನ ಎಂಜಿನ್‌ಗೆ ಕರೆಂಟಿನ ಬಿಸಿ

ಡಿಸೆಂಬರಿನ ಬೆಳಗ್ಗೆ ಬಾಟಲಿಯೊಳಗಿನ ತೆಂಗಿನೆಣ್ಣೆ ಗಟ್ಟಿಯಾದರೆ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ನಾವು ಅದನ್ನೇ ಚಳಿ ಎನ್ನುತ್ತೇವೆ. ಓದಲೆಂದೋ ಕೆಲಸಕ್ಕೆಂದೋ ಕೆನಡಾದ ವಿನಿಪೆಗ್, ಎಡ್ಮಂಟನ್ ಸೇರಿದ ನಮ್ಮ ಮಕ್ಕಳು ಜನವರಿಯಲ್ಲಿ ಮೈನಸ್ 30 ಡಿಗ್ರಿಯನ್ನೂ ಕಾಣುತ್ತಾರೆ. ಅಲ್ಲಿ ಎಂಜಿನ್ ಆಯಿಲ್‌ಗೂ ಹೆಚ್ಚುಕಡಿಮೆ ತೆಂಗಿನೆಣ್ಣೆಯದೇ ಗತಿ. ಬ್ಯಾಟರಿಯ ಕಸುವೂ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಅದಕ್ಕೇ ಅಲ್ಲಿ ರಾತ್ರಿ ಕಾರಿಗೆ ಕರೆಂಟು ಕೊಡುತ್ತಾರೆ. ಆ ಕರೆಂಟಿನಿಂದ ಎಂಜಿನ್ ಬಿಸಿ ಮಾಡುವ ಸಾಧನದ ಹೆಸರು ಬ್ಲಾಕ್ ಹೀಟರ್. ಹಳೆಯ ಕಾರು ಕೊಂಡ ಹೊಸಬರಿಗೂ, ಇಲ್ಲಿಂದಲೇ ಫೋನಿನಲ್ಲಿ ಬುದ್ಧಿ ಹೇಳುವ ಅಪ್ಪಂದಿರಿಗೂ ಈ ವಿವರ ಉಪಯೋಗಕ್ಕೆ ಬಂದೀತು.

ಮೊದಲು ಕಾರಿನ ಮುಂದಿನ ಜಾಲರಿಯ ಬಳಿ, ಇಲ್ಲವೇ ಬಾನೆಟ್ ಎತ್ತಿ, ಮೂರು ಪಿನ್ನಿನ ಪ್ಲಗ್ ಇದೆಯೇ ನೋಡಿ. ಇಲ್ಲದಿದ್ದರೆ ಗ್ಯಾರೇಜಿನಲ್ಲೇ ಹಾಕಿಸಿ. ಸಾಮಾನ್ಯ ಮಾದರಿಯ ಹೀಟರಿನ ಕಾಯಿಲ್ ಎಂಜಿನ್ನನ್ನು ತಂಪಾಗಿಡುವ ದ್ರವದಲ್ಲಿ, ಅಂದರೆ ಕೂಲೆಂಟಿನಲ್ಲಿ, ಮುಳುಗಿರುತ್ತದೆ. ಕೂಲೆಂಟ್ ಇಲ್ಲದೆ ಸ್ವಿಚ್ ಹಾಕಿದರೆ ಸುಟ್ಟುಹೋಗುತ್ತದೆ. ಆನ್‌ಲೈನ್‌ನಲ್ಲಿ ಅಗ್ಗವೆಂದು 230 ವೋಲ್ಟಿನದನ್ನು ತರಿಸಬೇಡಿ. ಅಲ್ಲಿನ 120 ವೋಲ್ಟಿನಲ್ಲಿ ಅದು ಕೊಡುವುದು ಸುಮಾರು ಕಾಲು ಪಾಲು ಬಿಸಿ.

ಹೀಟರಿಗಿಂತ ವಯರಿನ ವಿಷಯದಲ್ಲೇ ಜನ ಜಿಪುಣತನ ತೋರಿಸುವುದು. ಮನೆಯೊಳಗಿನ ತೆಳುವಾದ ಎಕ್ಸ್‌ಟೆನ್ಷನ್ ವಯರಿನ ಹೊದಿಕೆ ಆ ಚಳಿಗೆ ಬಿರಿಯುತ್ತದೆ. ಹೊರಾಂಗಣಕ್ಕೆಂದೇ ತಯಾರಾದ, ಅರ್ಥ್ ಪಿನ್ ಇರುವ, ದಪ್ಪ ತಂತಿಯದನ್ನೇ ಕೊಳ್ಳಿ. ಸುರುಳಿ ಸುತ್ತಿದ ಹಾಗೆಯೇ ಬಳಸಿದರೆ ಬಿಸಿಯಾಗುತ್ತದೆ, ಪೂರ್ತಿ ಬಿಚ್ಚಿ. ಮೊದಲು ಕಾರಿನ ಕಡೆ ಸಿಕ್ಕಿಸಿ, ಆಮೇಲೆ ಗೋಡೆಯ ಸಾಕೆಟ್ಟಿಗೆ ಹಾಕಿ.

ರಾತ್ರಿಯಿಡೀ ಹಾಕಿಡುವ ಅಗತ್ಯವಿಲ್ಲ. ಕೆಲವು ಗಂಟೆಗಳಾದ ಮೇಲೆ ಹೀಟರ್ ಕೊಟ್ಟಷ್ಟು ಬಿಸಿಯನ್ನು ಹೊರಗಿನ ಗಾಳಿ ಕಸಿದುಕೊಳ್ಳುತ್ತದೆ, ಮೀಟರ್ ಮಾತ್ರ ಓಡುತ್ತಿರುತ್ತದೆ. ಹೊರಡುವ ಎರಡು–ಮೂರು ಗಂಟೆ ಮೊದಲು ಚಾಲೂ ಆಗುವಂತೆ ಟೈಮರ್ ಇಡಿ. 400 ವ್ಯಾಟಿನ ಹೀಟರ್ ಮೂರು ಗಂಟೆಗೆ ತಿನ್ನುವುದು 1.2 ಯೂನಿಟ್, ಹನ್ನೆರಡು ಗಂಟೆ ಬಿಟ್ಟರೆ 4.8.

ಕೆಲಸ ಮಾಡುತ್ತಿದೆಯೇ ಎಂಬ ಅನುಮಾನವಿದ್ದರೆ ಬಾನೆಟ್ ಬಳಿ ಕಿವಿಯಿಡಿ, ಸಣ್ಣಗೆ ಸುಂಯ್‌ಗುಡುವ ಸದ್ದು ಕೇಳಬಹುದು. ಮಲ್ಟಿಮೀಟರ್ ಇದ್ದವರು ಪ್ಲಗ್ ಕಿತ್ತು ಎರಡು ಚಪ್ಪಟೆ ಪಿನ್ನುಗಳ ನಡುವಿನ ರೋಧ ಅಳೆಯಲಿ. 400 ವ್ಯಾಟಿನದಾದರೆ ಸುಮಾರು 36 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ ಎಂದು ದುಡುಕಬೇಡಿ: ಕೆಲವು ವಯರುಗಳಲ್ಲಿ ಥರ್ಮೋಸ್ಟಾಟ್ ಇರುತ್ತದೆ, ಚಳಿ ಸಾಕಷ್ಟಿಲ್ಲದಿದ್ದರೆ ಅದು ಕರೆಂಟನ್ನೇ ಬಿಡುವುದಿಲ್ಲ.

ನೀಲಗಿರಿಯ ಇಬ್ಬನಿ ಹೆಪ್ಪುಗಟ್ಟುವ ಬೆಳಗುಗಳಿಗೆ ಇದೆಲ್ಲ ಬೇಡ. ಅಲ್ಲಿಗೆ ಗಟ್ಟಿಮುಟ್ಟಾದ ಬ್ಯಾಟರಿ, ಸರಿಯಾದ ಆಯಿಲ್ ಸಾಕು.

ಇನ್ನೊಂದು ಮಾತು. ಪ್ಲಗ್ ಕೀಳದೆ ಕಾರು ಓಡಿಸಿ ಸಾಕೆಟ್ಟನ್ನೂ ಕಿತ್ತುಕೊಂಡು ಹೋಗುವವರಿದ್ದಾರೆ. ವಯರನ್ನು ಚಾಲಕನ ಬದಿಯ ಕನ್ನಡಿಗೆ ಒಂದು ಸುತ್ತು ಹಾಕಿಡಿ, ಬಾಗಿಲು ತೆರೆಯುವಾಗಲೇ ಕಣ್ಣಿಗೆ ಬೀಳುತ್ತದೆ.