ಅನ್ನಪೂರ್ಣಾ ಸುತ್ತುಹಾದಿ: ಥೊರೊಂಗ್ ಲಾ ದಾಟಲು ಸಿದ್ಧರಾಗುವುದು ಹೇಗೆ?

ನೇಪಾಳದ ಅನ್ನಪೂರ್ಣಾ ಪರ್ವತಸಾಲನ್ನು ಬಳಸಿ ಬರುವ ಹಾದಿ 760 ಮೀಟರ್ ಎತ್ತರದ ಬೆಸಿಸಹರ್‌ನಲ್ಲಿ, ಭತ್ತದ ಗದ್ದೆಗಳ ನಡುವೆ ಶುರುವಾಗುತ್ತದೆ. ಮಾರ್ಸ್ಯಾಂಗ್ದಿ ನದಿಯ ಜೊತೆಗೇ ಮೇಲೇರಿ, 5,416 ಮೀಟರ್ ಎತ್ತರದ ಥೊರೊಂಗ್ ಲಾ ಪಾಸ್ (ಪರ್ವತಸಾಲನ್ನು ದಾಟುವ ಕಣಿವೆದಾರಿ) ದಾಟಿ, ಆಚೆ ಬದಿಯ ಕಾಳಿ ಗಂಡಕಿ ಕಣಿವೆಗೆ ಇಳಿಯುತ್ತದೆ. ಹಗ್ಗ ಹಿಡಿದು ಹತ್ತುವ ಜಾಗ ಎಲ್ಲಿಯೂ ಇಲ್ಲ. ಊರೂರಿಗೂ ಲಾಡ್ಜ್ ಇದೆ, ಬಿಸಿ ಊಟ ಸಿಗುತ್ತದೆ. ಆದರೂ ಗಟ್ಟಿಮುಟ್ಟಾದ ಯುವಕರು ಅರ್ಧದಾರಿಯಲ್ಲಿ ಹಿಂದಿರುಗುತ್ತಾರೆ, ಅರವತ್ತು ದಾಟಿದವರು ನಿಧಾನವಾಗಿ ನಡೆದು ಪಾಸ್ ದಾಟುತ್ತಾರೆ. ಈ ಹಾದಿ ಕೇಳುವುದು ದಿನಗಳನ್ನು. ಅಷ್ಟು ದಿನ ರಜೆ ಸಿಗದಿದ್ದರೆ ಮುಂದಿನ ವರ್ಷಕ್ಕೆ ಕಾಯುವುದೇ ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾಲ ಮತ್ತು ರಜೆ

ಅಕ್ಟೋಬರ್–ನವೆಂಬರ್ ಅಥವಾ ಮಾರ್ಚ್–ಏಪ್ರಿಲ್ ಆರಿಸಿಕೊಳ್ಳಿ. ಮಳೆಗಾಲದಲ್ಲಿ ಕೆಳಗಿನ ಕಣಿವೆಯಲ್ಲಿ ಭೂಕುಸಿತ, ಜಿಗಣೆ. ಚಳಿಗಾಲದಲ್ಲಿ ಪಾಸ್ ಹಿಮದಿಂದ ಮುಚ್ಚಿಹೋಗಬಹುದು. ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಬಂಗಾಳಕೊಲ್ಲಿಯ ಚಂಡಮಾರುತಗಳ ಕಾಲವೂ ಅದೇ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಬಾಲ ಎರಡೇ ದಿನಗಳಲ್ಲಿ ಇಲ್ಲಿಗೆ ತಲುಪಿ ಹಿಮವಾಗಿ ಸುರಿಯಿತು. ಈ ಪಾಸ್‌ನ ಇಕ್ಕೆಲಗಳಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಕಂಡರೆ ಪಾಸ್‌ಗೆ ಮುಂಚಿನ ಊರಾದ ಮನಾಂಗ್‌ನಲ್ಲೇ ಉಳಿದುಬಿಡಿ. ಅದು ಇಲ್ಲಿಯ ಹವಾಮಾನ ಸುದ್ದಿಯೂ ಹೌದು.

ಬೆಸಿಸಹರ್‌ನಿಂದ ಕಾಳಿ ಗಂಡಕಿ ಕಣಿವೆಯ ಊರಾದ ಜೊಮ್ಸೊಮ್‌ವರೆಗೆ ನಡೆಯಲು ಎರಡು ವಾರ ಇಟ್ಟುಕೊಳ್ಳಿ. ಅಲ್ಲಿಂದ ತಾತೋಪಾನಿ, ಘೋರೆಪಾನಿ ದಾಟಿ ನಯಾಪುಲ್‌ವರೆಗೆ ಪೂರ್ತಿ ಸುತ್ತು ಮುಗಿಸುವುದಾದರೆ ಇನ್ನೊಂದು ವಾರ ಬೇಕು.

ಮನೆಯಲ್ಲಿ ಮಾಡಬೇಕಾದ ತಯಾರಿ

ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಈ ಹಾದಿಯಲ್ಲಿ ಅದನ್ನು ಮೀರುವುದು ಮೊದಲ ಕೆಲವೇ ದಿನಗಳಲ್ಲಿ. ಹಾಗಾಗಿ ನಮ್ಮ ಬೆಟ್ಟಗಳಲ್ಲಿ ಎಷ್ಟೇ ಅಭ್ಯಾಸ ಮಾಡಿದರೂ ದೇಹ ಹಿಮಾಲಯದ ಎತ್ತರಕ್ಕೆ ಒಗ್ಗುವುದಿಲ್ಲ. ಕಾಲು ಮಾತ್ರ ಗಟ್ಟಿಯಾಗುತ್ತದೆ. ಅದೂ ಬೇಕೇ ಬೇಕು. ಕುಕ್ಕೆಯಿಂದ ಕುಮಾರಪರ್ವತ ಹತ್ತಿಳಿಯುವುದು ಒಳ್ಳೆಯ ಪರೀಕ್ಷೆ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ, ಏಕೆಂದರೆ ಪಾಸ್‌ನಿಂದ ಮುಕ್ತಿನಾಥಕ್ಕೆ ಒಂದೇ ದಿನದಲ್ಲಿ ಸುಮಾರು 1,600 ಮೀಟರ್ ಇಳಿಯಬೇಕು. ಮಂಡಿ ಕೈಕೊಡುವುದು ಅಲ್ಲಿಯೇ.

ಬೂಟನ್ನು ಎರಡು ತಿಂಗಳ ಮೊದಲೇ ಕೊಂಡು ಪಳಗಿಸಿಕೊಳ್ಳಿ. ಬೆನ್ನಮೇಲಿನ ಚೀಲ ಹತ್ತು ಕಿಲೋ ಮೀರದಿರಲಿ. ಪದರಪದರವಾಗಿ ತೊಡುವ ಬಟ್ಟೆ, ಡೌನ್ ಜಾಕೆಟ್, ಗಾಳಿ ತಡೆಯುವ ಹೊರಪದರ, ಎರಡು ಜೊತೆ ಕೈಗವಸು, ಹೆಡ್‌ಟಾರ್ಚ್, ಕಪ್ಪು ಕನ್ನಡಕ, ಊರುಗೋಲು, ಹಿಮ ಇದ್ದರೆ ಬೂಟಿಗೆ ಕಟ್ಟಿಕೊಳ್ಳುವ ಮುಳ್ಳುಸರಪಳಿ. ಉಳಿದದ್ದನ್ನು ಮನೆಯಲ್ಲೇ ಬಿಡಿ. ಹೊರೆಯಾಳನ್ನು ಗೊತ್ತುಮಾಡಿಕೊಂಡರೆ ಆತನಿಗೆ ಬೆಚ್ಚನೆಯ ಬಟ್ಟೆ ಮತ್ತು ವಿಮೆ ಇದೆಯೇ ಎಂದು ಮೊದಲೇ ಕೇಳಿ. ಅದು ನಿಮ್ಮ ಜವಾಬ್ದಾರಿ.

ಕಾಗದಪತ್ರ, ಹಣ, ಪ್ರಯಾಣ

ವಿಮಾನದಲ್ಲಿ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಒಂದನ್ನೇ ನೆಚ್ಚಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ರೈಲಿನಲ್ಲಿ ಹೋಗುವವರು ಗೋರಖ್‌ಪುರದಲ್ಲಿ ಇಳಿದು ಸೋನೌಲಿ ಗಡಿ ದಾಟಬಹುದು. ಕಠ್ಮಂಡು ಅಥವಾ ಪೋಖರಾದಲ್ಲಿ ಅನ್ನಪೂರ್ಣಾ ಸಂರಕ್ಷಣಾ ಪ್ರದೇಶದ ಪ್ರವೇಶ ಪರವಾನಗಿ ಪಡೆಯಿರಿ; ಸಾರ್ಕ್ ದೇಶಗಳವರಿಗೆ ರಿಯಾಯಿತಿ ದರವಿದೆ. ವಿದೇಶಿ ಚಾರಣಿಗರಿಗೆ ಮಾರ್ಗದರ್ಶಕರು ಕಡ್ಡಾಯ ಎಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂದಿದೆ. ಮೊದಲ ಸಲ ಹೋಗುವವರು ನಿಯಮವಿರಲಿ ಬಿಡಲಿ, ಸ್ಥಳೀಯ ಮಾರ್ಗದರ್ಶಕರ ಜೊತೆಯಲ್ಲಿ ಹೋಗಿ.

ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ, ದರ ಸ್ಥಿರ. ಎಲ್ಲ ಖರ್ಚಿಗೂ ಸಾಕಾಗುವಷ್ಟು ನೇಪಾಳಿ ನೋಟು ಕೆಳಗಿನಿಂದಲೇ ಒಯ್ಯಿರಿ. ವಿಮೆ ಮಾಡಿಸುವಾಗ 6,000 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಅದರಲ್ಲಿ ಸೇರಿವೆಯೇ ಎಂದು ಓದಿ ನೋಡಿ.

ಎತ್ತರಕ್ಕೆ ಒಗ್ಗಿಕೊಳ್ಳುವುದು

5,400 ಮೀಟರ್‌ನಲ್ಲಿ ವಾಯುಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟು. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಒಂದೊಂದು ಉಸಿರಿಗೆ ದಕ್ಕುವುದು ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ಗತಿಯಲ್ಲಿ. ಅದಕ್ಕಾಗಿಯೇ 3,000 ಮೀಟರ್ ಮೇಲೆ ಒಂದು ರಾತ್ರಿಗೂ ಮರುರಾತ್ರಿಗೂ ಮಲಗುವ ಎತ್ತರ 500 ಮೀಟರ್‌ಗಿಂತ ಹೆಚ್ಚಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಅದೇ ಊರಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂದು ಪರ್ವತ ವೈದ್ಯರು ಹೇಳುತ್ತಾರೆ.

ಈಗ ಜೀಪುಗಳು ಮನಾಂಗ್‌ವರೆಗೂ ಹೋಗುತ್ತವೆ. ಧಾರಾಪಾನಿವರೆಗೆ ಜೀಪಿನಲ್ಲಿ ಹೋದರೆ ಅಡ್ಡಿಯಿಲ್ಲ, ಅದು 1,900 ಮೀಟರ್‌ನೊಳಗಿನ ಊರು. ಆದರೆ 3,540 ಮೀಟರ್‌ನ ಮನಾಂಗ್‌ಗೆ ಒಂದೇ ಓಟದಲ್ಲಿ ಹೋಗಿ ಇಳಿಯುವುದು ಅಪಾಯಕ್ಕೆ ತಾನಾಗಿ ಟಿಕೆಟ್ ಕೊಂಡಂತೆ. ಚಾಮೆಯಲ್ಲಿ (2,670 ಮೀ.) ಒಂದು ರಾತ್ರಿ ತಂಗಿ, ಮರುದಿನ ಮೇಲಿನ ಪಿಸಾಂಗ್ ತಲುಪಿ. ಅಲ್ಲಿಂದ ರಸ್ತೆ ಬಿಟ್ಟು ಘ್ಯಾರು, ಙವಾಲ್ ಊರುಗಳ ಮೇಲುಹಾದಿ ಹಿಡಿಯಿರಿ. ಘ್ಯಾರುವಿನ ಏರು ಕಠಿಣ, ಆದರೆ ಇಡೀ ಹಾದಿಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದೇ: ಎದುರಿಗೆ ಅನ್ನಪೂರ್ಣಾ 2ರ ಗೋಡೆ, ಕಾಲ ಕೆಳಗೆ ಪೈನ್ ಕಾಡು. ಙವಾಲ್‌ನಲ್ಲಿ 3,660 ಮೀಟರ್‌ನಲ್ಲಿ ಮಲಗಿ ಮರುದಿನ ಮನಾಂಗ್‌ಗೆ ಇಳಿಯುವುದರಿಂದ ದೇಹವೂ ಒಗ್ಗುತ್ತದೆ. ಕಲ್ಲು, ಮರಗಳ ಮೇಲಿನ ಕೆಂಪು–ಬಿಳಿ ಪಟ್ಟಿ ರಸ್ತೆ ತಪ್ಪಿಸುವ ಮುಖ್ಯ ಕಾಲುಹಾದಿಯದು, ನೀಲಿ–ಬಿಳಿ ಪಕ್ಕದ ಹಾದಿಯದು.

ಮನಾಂಗ್‌ನಲ್ಲಿ ಎರಡು ರಾತ್ರಿ ಕಡ್ಡಾಯ, ಮೂರಾದರೆ ಇನ್ನೂ ಒಳ್ಳೆಯದು. ವಿಶ್ರಾಂತಿ ಎಂದರೆ ಹಾಸಿಗೆ ಹಿಡಿಯುವುದಲ್ಲ; ಗಂಗಾಪೂರ್ಣಾ ಸರೋವರದ ಮೇಲಿನ ದಿಬ್ಬಕ್ಕೋ, ಚೆನ್ನಾಗಿದ್ದರೆ 4,600 ಮೀಟರ್‌ನ ಐಸ್ ಲೇಕ್‌ಗೋ ಹತ್ತಿ, ರಾತ್ರಿ ಕೆಳಗೆ ಬಂದು ಮಲಗಿ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರ ಇಲ್ಲಿದೆ. ಚಾರಣದ ಕಾಲದಲ್ಲಿ ಮಧ್ಯಾಹ್ನ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಮಾತನಾಡುತ್ತಾರೆ, ತಪ್ಪದೆ ಕೇಳಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಮೊದಲ ಲಕ್ಷಣಗಳು. ಇವು ಕಂಡರೆ ಆ ಊರಿನಿಂದ ಮೇಲೆ ಹೋಗಬೇಡಿ. ಮರುದಿನವೂ ಹೋಗದಿದ್ದರೆ ಇಳಿಯಿರಿ. ಹೆಜ್ಜೆಗೆ ಹೆಜ್ಜೆ ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡಿದರೆ ಮಿದುಳಿನಲ್ಲಿ ಬಾವು. ಕೂತಿದ್ದರೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ಸೇರಿದೆ ಎಂದು ತಿಳಿಯಿರಿ. ಆಗ ಬೆಳಗಾಗಲೆಂದು ಕಾಯಬಾರದು, ರಾತ್ರಿಯಾದರೂ ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿಳಿಸಬೇಕು. ಎತ್ತರಕ್ಕೆ ಒಗ್ಗಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆಯನ್ನು ಮನೆಯಲ್ಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಸಲ್ಫಾ ಔಷಧಿಗೆ ಅಲರ್ಜಿ ಇದ್ದವರು ಅದನ್ನು ಮೊದಲೇ ಹೇಳಬೇಕು. ಮದ್ಯ ಮತ್ತು ನಿದ್ರೆಮಾತ್ರೆ ಬೇಡವೇ ಬೇಡ.

ಊಟದ ಚಿಂತೆ ಬೇಡ. ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ, ಕೇಳಿದಷ್ಟು ಬಡಿಸುತ್ತಾರೆ. ಮಾಂಸ ಮೇಲೆ ಸಾಗಿ ಬರುವಷ್ಟರಲ್ಲಿ ಹಳತಾಗಿರುವುದರಿಂದ ಮಾಂಸಾಹಾರಿಗಳೂ ಸೊಪ್ಪು–ಬೇಳೆಗೆ ಇಳಿಯುವುದು ಕ್ಷೇಮ. ತಂಗಿದ ಲಾಡ್ಜ್‌ನಲ್ಲೇ ರಾತ್ರಿ ಊಟ ಮಾಡುವುದು ಇಲ್ಲಿಯ ಪದ್ಧತಿ. ಕೋಣೆ ಬಾಡಿಗೆ ಕಡಿಮೆ, ಅವರ ಸಂಪಾದನೆ ಅಡುಗೆಮನೆಯಿಂದ.

ಪಾಸ್ ದಾಟುವ ದಿನ

ಮನಾಂಗ್‌ನಿಂದ ಯಾಕ್ ಖರ್ಕ (4,050 ಮೀ.), ಅಲ್ಲಿಂದ ಥೊರೊಂಗ್ ಫೇದಿ (ಸುಮಾರು 4,450 ಮೀ.). ಫೇದಿಯ ಮೇಲೆ ಹೈ ಕ್ಯಾಂಪ್‌ನಲ್ಲೂ ತಂಗಬಹುದು. ತಲೆ ಭಾರವಿದ್ದರೆ ಅಲ್ಲಿಗೆ ಹೋಗಬೇಡಿ, ಫೇದಿಯಲ್ಲೇ ಮಲಗಿ.

ಬೆಳಗಿನ ನಾಲ್ಕು, ಐದರ ಹೊತ್ತಿಗೆ ಹೊರಡಿ, ಏಕೆಂದರೆ ಹೊತ್ತೇರಿದಂತೆ ಪಾಸ್ ಮೇಲೆ ಗಾಳಿ ಬಲವಾಗುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಮುಚ್ಚಳದ ಬಳಿ ಹೆಪ್ಪುಗಟ್ಟುವುದಿಲ್ಲ. ಮೊಬೈಲ್ ಮತ್ತು ಬ್ಯಾಟರಿ ಒಳಜೇಬಿನಲ್ಲಿರಲಿ. ಶಿಖರ ಬಂತೆಂದು ಭ್ರಮೆ ಹುಟ್ಟಿಸುವ ದಿಬ್ಬಗಳು ಒಂದರ ಹಿಂದೊಂದು ಬರುತ್ತವೆ. ಮಾತನಾಡುತ್ತ ನಡೆಯಬಲ್ಲ ವೇಗವನ್ನು ಎಲ್ಲಿಯೂ ಮೀರಬೇಡಿ. ಹಿಮ ಬೀಳತೊಡಗಿದರೆ, ಮುಂದಿನವರ ಗುರುತು ಕಾಣದಾದರೆ, ಹಿಂದಿರುಗಿ.

ಇದೇ ಪಾಸನ್ನು ಮುಕ್ತಿನಾಥದ ಕಡೆಯಿಂದ ಹತ್ತುವುದೂ ಉಂಟು. ಅಲ್ಲಿ ಒಂದೇ ಏರಿನಲ್ಲಿ 1,600 ಮೀಟರ್ ಎತ್ತರ ಏರಬೇಕಾಗುವುದರಿಂದ ಹೊಸಬರಿಗೆ ಸಲ್ಲದು.

ಇಳಿದ ಮೇಲೆ

ಮುಕ್ತಿನಾಥದಲ್ಲಿ 108 ನೀರಿನ ಧಾರೆಗಳಿವೆ. ಹಿಂದೂಗಳಿಗೂ ಬೌದ್ಧರಿಗೂ ಇದು ಪವಿತ್ರ. ಕರ್ನಾಟಕದ ಮಾಧ್ವ, ಶ್ರೀವೈಷ್ಣವ ಮನೆಗಳ ದೇವರಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮ ಕೆಳಗೆ ಹರಿಯುವ ಇದೇ ಗಂಡಕಿಯ ಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ಜೀವಿಯ ಪಳೆಯುಳಿಕೆ. ಬಸ್ಸು ಹತ್ತುವ ಆತುರ ಬಿಟ್ಟು ಕಾಗಬೇನಿಗೆ ನಡೆದೇ ಇಳಿಯಿರಿ.

ಕಾಗಬೇನಿಯಿಂದ ಜೊಮ್ಸೊಮ್‌ಗೆ ಬೆಳಿಗ್ಗೆ ಬೇಗ ಹೊರಡಿ. ಹನ್ನೊಂದರ ನಂತರ ಕಣಿವೆಯಲ್ಲಿ ಬೀಸುವ ದಕ್ಷಿಣದ ಗಾಳಿ ಮರಳನ್ನು ಮುಖಕ್ಕೆ ಎರಚುತ್ತದೆ. ಜೊಮ್ಸೊಮ್–ಪೋಖರಾ ವಿಮಾನಗಳು ಬೆಳಗಿನ ಹೊತ್ತಿನಲ್ಲೇ ಹಾರುವುದಕ್ಕೂ ಇದೇ ಕಾರಣ. ಹವೆ ಕೆಟ್ಟರೆ ಅವೂ ರದ್ದಾಗುತ್ತವೆ. ಆಗ ಉಳಿಯುವುದು ಬಸ್ಸು ಮತ್ತು ಜೀಪು, ಪೋಖರಾಕ್ಕೆ ಇಡೀ ದಿನದ ಪಯಣ. ಹಾಗಾಗಿ ಜೊಮ್ಸೊಮ್ ತಲುಪುವ ದಿನಕ್ಕೂ ಊರಿಗೆ ಮರಳುವ ಟಿಕೆಟ್‌ಗೂ ನಡುವೆ ಕನಿಷ್ಠ ಮೂರು ದಿನ ಖಾಲಿ ಬಿಡಿ. ಮನಾಂಗ್‌ನಲ್ಲಿ ಇನ್ನೊಂದು ರಾತ್ರಿ ಬೇಕೆನಿಸಿದರೆ ಅದನ್ನು ಕೊಡಲು ಈ ದಿನಗಳೇ ನೆರವಾಗುತ್ತವೆ.